ಅಪ್ಪನ ತೆಲುಗು, ಅಮ್ಮನ ಕನ್ನಡ, ನನ್ನ ಸಿನಿಮಾ

ಒಂದೇ ನಾಲಿಗೆ ಮೇಲೆ ಎರಡು ಭಾಷೆ ಸಂಸಾರ ಹೂಡಿದರೆ ರಗಳೆ ತಪ್ಪಿದ್ದಲ್ಲ. ಆ ನಾಲಿಗೆಯವಳು ಸಿನಿಮಾ ಬೇರೆ ಮಾಡೋಕೆ ಹೊರಟರೆ, ರಗಳೆಗೆ ಟಿಕೆಟ್ಟು ಇಟ್ಟ ಹಾಗೆ. ನನ್ನ ಕತೆ ಪೂರ್ತಿ ಹೀಗೇ ನಡೆದುಕೊಂಡು ಬಂದಿದೆ.

ಮಾತೃಭಾಷೆ

ಅಪ್ಪ ರಾಯದುರ್ಗದ ತೆಲುಗಿನವರು. ಮನೆಯಲ್ಲೇ ಮಿಷನ್ ಹಾಕಿಕೊಂಡು ಜೀನ್ಸ್ ಪ್ಯಾಂಟ್ ಹೊಲಿಯೋರು. ಅಮ್ಮ ಮಡಕಶಿರದ ಆಚೆ, ರೊಳ್ಳದ ಹತ್ತಿರದ ಹಳ್ಳಿಯ ಕನ್ನಡದವಳು. ಇಬ್ಬರಿಗೂ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ಆದರೆ ಜಗಳಕ್ಕೆ ಮಾತ್ರ ಅವರವರ ಸ್ವಂತ ಭಾಷೆಯೇ ಬೇಕು. ಅಪ್ಪ ತೆಲುಗಲ್ಲಿ ಶುರು ಮಾಡೋರು, ಅಮ್ಮ ಕನ್ನಡದಲ್ಲಿ ತಿರುಗಿಸಿ ಕೊಡೋಳು. ಅಪ್ಪ ಮೆಲ್ಲಗೆ ಕನ್ನಡಕ್ಕೆ ಇಳಿದರು ಅಂದರೆ ಸೋತರು ಅಂತಲೇ ಲೆಕ್ಕ.

ಸ್ಕೂಲಿಗೆ ಸೇರಿಸಿದ ದಿನ ಮೇಷ್ಟ್ರು ನನ್ನನ್ನೇ ಕೇಳಿದರು, "ಮನೆಯಾಗ ಯಾವ ಭಾಷೆ ಮಾತಾಡ್ತೀರಿ?"

"ಅಪ್ಪ ತೆಲುಗು, ಅಮ್ಮ ಕನ್ನಡ."

"ನೀನು?"

"ಅವರಿಬ್ಬರದು ಮುಗಿದರೆ ಅಲ್ಲೇನ್ರಿ ಸಾರ್, ನಾನು ಮಾತಾಡೋದು?"

ಕಟ್

ನಾನು ಹತ್ತನೇ ಕ್ಲಾಸು ಮುಗಿಸೋ ಹೊತ್ತಿಗೆ ಅಮ್ಮನ ಊರಿನ ಹುಡುಗೀರೆಲ್ಲ ಬೆಂಗಳೂರಿನ ಗಾರ್ಮೆಂಟ್ಸಿಗೆ ಬಸ್ಸು ಹತ್ತುತ್ತಿದ್ದರು. ಚಿಕ್ಕಮ್ಮನ ಜೊತೆ ನಾನೂ ಹತ್ತಿದೆ. ಕಾಲರ್ ಹೊಲಿದೆ, ಜೇಬು ಹೊಲಿದೆ, ಆಮೇಲೆ ದಾರ ಕತ್ತರಿಸೋ ಕೆಲಸಕ್ಕೆ ಹಾಕಿದರು. ಸೂಪರ್‌ವೈಸರು "ಕಟ್!" ಅಂದರೆ ಕತ್ತರಿ ಆಡಬೇಕು. ಬುದ್ಧಿಗೆ ಸುದ್ದಿ ಮುಟ್ಟೋ ಮೊದಲೇ ಕೈ ಕೆಲಸ ಮುಗಿಸಿರುತ್ತಿತ್ತು.

ಪಕ್ಕದ ಮಿಷನ್ನಿನವಳ ಭಾವ ಸಿನಿಮಾಗೆ ಬಟ್ಟೆ ಹೊಲಿಯೋ ಟೈಲರು. ಅವರಿಗೆ ಒಬ್ಬಳು ಸಹಾಯಕಿ ಬೇಕಾಗಿತ್ತು. ನನಗೆ ಸಿನಿಮಾ ಹುಚ್ಚು ಮೊದಲಿಂದಲೂ ಇತ್ತು. ಹಾರಿಕೊಂಡು ಹೋದೆ.

ಮೊದಲನೇ ದಿನ. ಹೀರೋಯಿನ್ನು ಬಾಗಿಲಲ್ಲಿ ನಿಂತು ಗಂಡನ ದಾರಿ ಕಾಯುವ ಸೀನು. ಅವಳ ಸೆರಗಿನಲ್ಲಿ ಒಂದು ದಾರ ಜೋತಾಡುತ್ತಿತ್ತು. ಕ್ಯಾಮೆರಾಗೆ ಕಾಣದ ಹಾಗೆ ಬಾಗಿಲ ಹಿಂದೆ ಕೂತು, ಸೆರಗು ಹಿಡಿದು, ಕತ್ತರಿ ತೆರೆದು ಸಮಯ ನೋಡುತ್ತಿದ್ದೆ. ಅಷ್ಟರಲ್ಲಿ ಡೈರೆಕ್ಟರು ಗಂಟಲು ಹರಿಯೋ ಹಾಗೆ ಕೂಗಿದರು, "ಕಟ್!"

ಅರ್ಧ ಸೆರಗು ನನ್ನ ಕೈಯಲ್ಲಿತ್ತು. ಮಿಕ್ಕರ್ಧ ಹೀರೋಯಿನ್ನಿನ ಮೇಲಿತ್ತು.

ಡೈರೆಕ್ಟರು ಓಡಿ ಬಂದರು. "ಯಾರಮ್ಮ ನಿನಗೆ ಕತ್ತರಿಸು ಅಂತ ಹೇಳಿದ್ದು?"

"ನೀವೇ ಸಾರ್. ಇಡೀ ಬೀದಿಗೇ ಕೇಳಿಸ್ತು."

ಸೆರಗನ್ನು ಗುರುತು ಸಿಗದ ಹಾಗೆ ಜೋಡಿಸಿ ಹೊಲಿದುಕೊಟ್ಟಿದ್ದಕ್ಕೆ ಕೆಲಸ ಉಳಿಯಿತು. ಆದರೆ ಆ ಸಿನಿಮಾ ಮುಗಿಯುವವರೆಗೂ ಪಾಪ ಆ ಮನುಷ್ಯ "ಕಟ್" ಅನ್ನೋ ಮೊದಲು ನಾನು ಎಲ್ಲಿದ್ದೀನಿ ಅಂತ ಒಂದು ಸಲ ಸುತ್ತ ನೋಡಿಕೊಳ್ಳುತ್ತಿದ್ದರು.

ವಾಸನೆ

ಬಟ್ಟೆ ವಿಭಾಗದಿಂದ ಸಹಾಯಕ ನಿರ್ದೇಶಕಿ ಆಗೋಕೆ ವರ್ಷಗಟ್ಟಲೆ ಹಿಡಿಯಿತು. ಕೊನೆಗೆ ನನ್ನದೇ ಕತೆ ಬರೆದೆ. ರೊಳ್ಳದ ಕಡೆಯ ಹುಡುಗಿಯೊಬ್ಬಳು ಅಜ್ಜಿಯನ್ನು ಬಿಟ್ಟು ಗಾರ್ಮೆಂಟ್ಸಿಗೆ ಹೋಗುವ ಕತೆ. ನಮ್ಮ ಕಡೆ ಜನ ಮಾತಾಡುವ ಹಾಗೆಯೇ, ಕನ್ನಡದೊಳಗೆ ತೆಲುಗು, ತೆಲುಗಿನೊಳಗೆ ಕನ್ನಡ.

ಬೆಂಗಳೂರಿನ ನಿರ್ಮಾಪಕರು ಕೇಳಿ ಹೇಳಿದರು, "ಚೆನ್ನಾಗಿದೆ. ಆದ್ರೆ ತೆಲುಗು ವಾಸನೆ ಜಾಸ್ತಿ." ಹೈದರಾಬಾದಿಗೆ ಹೋದೆ. ಅಲ್ಲಿನವರು ಮೂಗಿನ ಮೇಲೆ ಬೆರಳಿಟ್ಟು, "ಕನ್ನಡ ವಾಸನ ಎಕ್ಕುವಮ್ಮಾ" ಅಂದರು.

ಸೋತು ಸುಣ್ಣವಾಗಿ ರಾಯದುರ್ಗಕ್ಕೆ ಬಂದು ಅಪ್ಪನ ಮಿಷನ್ ಪಕ್ಕ ಕೂತೆ. "ಅಲ್ಲಿ ಹೋದರೂ ವಾಸನೆ ಅಂತಾರೆ, ಇಲ್ಲಿ ಹೋದರೂ ವಾಸನೆ ಅಂತಾರೆ ಅಪ್ಪ."

ಅಪ್ಪ ಮಿಷನ್ ನಿಲ್ಲಿಸಿ, ತುಂಬ ಕನಿಕರದಿಂದ ಕೇಳಿದರು, "ಹೋಗೋ ಮುಂಚೆ ಜಳಕ ಮಾಡಿದ್ದಿಲ್ಲೇನವ್ವಾ?"

ಅಜ್ಜಿಗೂ ಹಾಕ್ರಿ

ದುಡ್ಡು ಹಾಕೋಕೆ ಕೊನೆಗೆ ಮುಂದೆ ಬಂದವರು ಅಪ್ಪನಿಗೆ ಪ್ಯಾಂಟ್ ಹೊಲಿಯೋಕೆ ಕೊಡುತ್ತಿದ್ದ ರಾಯದುರ್ಗದ ಸಾಹುಕಾರರು. ಕತೆ ಕೇಳುತ್ತಾ ಕಣ್ಣು ಒರೆಸಿಕೊಂಡರು. ಆಮೇಲೆ ಒಂದೇ ಒಂದು ಷರತ್ತು ಹಾಕಿದರು.

"ಸಿನಿಮಾದಾಗ ಎಲ್ಲಾರೂ ನಮ್ಮ ಜೀನ್ಸ್ ಪ್ಯಾಂಟ್ ಹಾಕ್ಕೋಬೇಕ್ರಿ."

"ಸಾಹುಕಾರ್ರೇ, ಕತೆಯಲ್ಲಿ ಮುಖ್ಯ ಪಾತ್ರವೇ ಅಜ್ಜಿ."

"ಅಜ್ಜಿಗೂ ಹಾಕ್ರಿ. ಯಾಕ, ಏನಾಗ್ತದ? ಮೊಣಕಾಲು ನೋವಿಗೆ ಬೆಚ್ಚಗಿರ್ತದ."

ಎರಡು ದಿನ ಮಾತುಕತೆ ನಡೆದು, ಅಜ್ಜಿಯ ಎಲೆಅಡಿಕೆ ಚೀಲವನ್ನು ಜೀನ್ಸ್ ಬಟ್ಟೆಯಲ್ಲಿ ಹೊಲಿಸುವುದು ಅಂತ ಒಪ್ಪಂದವಾಯಿತು. ಚೀಲವನ್ನು ಅಪ್ಪನೇ ಹೊಲಿದರು. ಅಭ್ಯಾಸಬಲ ನೋಡಿ, ಅದಕ್ಕೂ ಜಿಪ್ಪು, ಹಿಂದೆ ಎರಡು ಜೇಬು, ಬೆಲ್ಟು ಹಾಕೋಕೆ ಐದು ಪಟ್ಟಿ.

ಕುಕ್ಕೆ

ಅಜ್ಜಿ ಪಾತ್ರಕ್ಕೆ ಅಮ್ಮನ ಸೋದರತ್ತೆಯನ್ನೇ ಒಪ್ಪಿಸಿದೆ. ಗುಡಿಬಂಡೆ ಕಡೆಯವಳು. ಜೀವಮಾನದಲ್ಲಿ ಯಾರಿಗೂ ಹೆದರಿದವಳಲ್ಲ. ಕ್ಯಾಮೆರಾದವನು, ಸಾಮಾನು ಒದಗಿಸುವವನು, ಇಬ್ಬರೂ ಹೈದರಾಬಾದಿನವರು. ಸಾಮಾನಿನವನಿಗೆ ಅರೆಬರೆ ಕನ್ನಡ ಬರುತ್ತಿತ್ತು. ಆ ಅರೆಬರೆಯೇ ಅಪಾಯ.

ಮಡಕಶಿರದಿಂದ ಅವನಿಗೆ ಫೋನ್ ಮಾಡಿದೆ. "ನಾಳೆಗೆ ಒಂದು ಕುಕ್ಕೆ ಬೇಕಪ್ಪ. ದೊಡ್ಡದಿರಲಿ, ಹಳೇದಿರಲಿ. ಒಳಗೆ ಕಡ್ಲೆಕಾಯಿ ತುಂಬಿರಬೇಕು. ಅಜ್ಜಿ ಅದನ್ನ ತಲೆ ಮೇಲೆ ಹೊತ್ಕೊಂಡು ಬರ್ತಾಳೆ."

ಆ ಕಡೆ ಒಂದೊಂದನ್ನೇ ಬರೆದುಕೊಂಡ. ಆಮೇಲೆ "ಸರೇ ಮೇಡಂ" ಅಂದ.

ಬೆಳಿಗ್ಗೆ ಅವನು ಹಗ್ಗ ಹಿಡಿದು ಎಳೆದುಕೊಂಡು ಬಂದಿದ್ದು ಒಂದು ಮುದಿ ನಾಯಿಯನ್ನ. ನಮಗೆ ಕುಕ್ಕೆ ಅಂದರೆ ಬುಟ್ಟಿ, ತೆಲುಗಲ್ಲಿ ಕುಕ್ಕ ಅಂದರೆ ನಾಯಿ. ಅದರ ಹೊಟ್ಟೆ ನಗಾರಿ ಥರ ಉಬ್ಬಿತ್ತು.

"ಮೇಡಂ, ನೀವು ಹೇಳಿದ ಹಾಗೆ ಕಡ್ಲೆಕಾಯಿ ತುಂಬಿಸಿದ್ದೀನಿ. ಆದ್ರೆ ತಲೆ ಮೇಲೆ ಕೂರ್ತಾ ಇಲ್ಲ."

"ಅಲ್ಲಯ್ಯಾ, ಅಜ್ಜಿ ನಾಯಿನ ಯಾಕೆ ಹೊರ್ತಾಳೆ ಅಂತ ಒಂದು ಮಾತು ಕೇಳೋದಲ್ವಾ?"

"ಆರ್ಟ್ ಸಿನಿಮಾ ಅಂದ್ರಲ್ಲ ಮೇಡಂ. ಅದಕ್ಕೇ ಕೇಳಲಿಲ್ಲ."

ಚಾಲು

ಕೊನೇ ದಿನ ಕೊನೇ ಸೀನು. ಮೊಮ್ಮಗಳನ್ನು ಅಜ್ಜಿ ಬೆಂಗಳೂರಿನ ಬಸ್ಸು ಹತ್ತಿಸುವ ದೃಶ್ಯ. ಸಿನಿಮಾದ ಜೀವವೇ ಅದು. ಬಾಡಿಗೆ ಬಸ್ಸು, ಬಾಡಿಗೆ ಕ್ಯಾಮೆರಾ ಎರಡೂ ಅವತ್ತು ಸಂಜೆಗೇ ವಾಪಸ್ ಹೋಗಬೇಕು. ಮತ್ತೆ ಕರೆಸೋ ಶಕ್ತಿ ನನಗೂ ಇಲ್ಲ, ಸಾಹುಕಾರರಿಗೂ ಇಲ್ಲ. ಸೂರ್ಯ ಆಗಲೇ ಮಡಕಶಿರದ ಬೆಟ್ಟದ ಕೋಟೆ ಹಿಂದಕ್ಕೆ ಜಾರುತ್ತಿದ್ದ.

ಅಷ್ಟು ದಿನ ಅಜ್ಜಿಗೆ ಪಕ್ಕದಲ್ಲೇ ನಿಂತು ಕೈಸನ್ನೆಯಲ್ಲಿ ಹೇಳುತ್ತಿದ್ದೆ, ಅವತ್ತು ದೂರದಿಂದ "ಆಕ್ಷನ್!" ಅಂತ ಕೂಗಿದೆ. ಅಜ್ಜಿ ನನ್ನ ಕಡೆ ತಿರುಗಿ, "ಲಕ್ಷ್ಮಣ ಇಲ್ಲ ಕಣೇ, ಹಿಂದೂಪುರಕ್ಕೆ ಹೋಗವ್ನೆ" ಅಂದಳು.

ಎಷ್ಟು ಸಲ ಕೂಗಿದರೂ ಅವಳಿಗೆ ಪಕ್ಕದ ಮನೆ ಲಕ್ಷ್ಮಣನೇ. ಅಮ್ಮನ ಜೊತೆ ಶೂಟಿಂಗ್ ನೋಡೋಕೆ ಬಂದಿದ್ದ ಅಪ್ಪ ಉಪಾಯ ಹೇಳಿಕೊಟ್ಟರು, "'ಚಾಲು' ಅನ್ನವ್ವಾ. ಮೋಟ್ರು ಚಾಲು ಮಾಡು ಅಂತೀವಲ್ಲ, ಹಂಗ. ಮುದುಕಿಗೆ ತಿಳೀತದ."

"ಚಾಲು!" ಅಂತ ಕೂಗಿದೆ.

ಅಜ್ಜಿ ಮೊಮ್ಮಗಳ ಕೆನ್ನೆ ಹಿಡಿದುಕೊಂಡಳು. ನಾನು ಬರೆದ ಮಾತೆಲ್ಲ ಬಿಟ್ಟು ತನ್ನದೇ ಮಾತು ಆಡಿದಳು. "ಹೋಗ್ಬಾ ಮಗ. ಉಂಡ್ಯಾ ಅಂತ ಅಲ್ಲಿ ಯಾರೂ ಕೇಳಲ್ಲ. ನೀನೇ ನಿನ್ನ ಕೇಳ್ಕೊ." ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಬಸ್ಸಿನ ಡ್ರೈವರು ಟವೆಲ್ಲಲ್ಲಿ ಮುಖ ಮುಚ್ಚಿಕೊಂಡ. ಅಪ್ಪ, ಅಮ್ಮ ಒಂದೇ ಭಾಷೆಯಲ್ಲಿ ಅತ್ತರು. ನಾನು ಬಿಕ್ಕುತ್ತಲೇ "ಕಟ್" ಅಂದೆ.

ಕ್ಯಾಮೆರಾದವನೂ ಮೂಗೊರೆಸಿಕೊಳ್ಳುತ್ತಾ ಬಂದ. "ಅದ್ಭುತಂ ಮೇಡಂ! ರಿಕಾರ್ಡ್ ಮಾಡ್ಕೊಂಡಿದ್ರೆ ಎಷ್ಟು ಚೆನ್ನಾಗಿರ್ತಿತ್ತು!" ಅಂತ ತೆಲುಗಲ್ಲಿ ಹೇಳಿದ.

"ಮಾಡ್ಕೊಂಡಿಲ್ವಾ?"

"ಮೀರೇ ಕದಾ ಚಾಲು ಅನ್ನಾರು?"

ರಾಯದುರ್ಗದಲ್ಲಿ ಚಾಲು ಅಂದರೆ ಶುರು. ತೆಲುಗಲ್ಲಿ ಚಾಲು ಅಂದರೆ ಸಾಕು. ನಾನು ಸಾಕು ಅಂದೆ ಅಂತ ಅವನು ಕ್ಯಾಮೆರಾ ಆರಿಸಿ, ಕೈಕಟ್ಟಿ ನಿಂತು ಅತ್ತಿದ್ದ! ಅವನಿಗೆ ಬಿಡಿಸಿ ಹೇಳಿದೆ, "ಇನ್ನು ಮೇಲೆ ನಾನು ಚಾಲು ಅಂದರೆ ಶುರು ಮಾಡು ಅಂತ ಅರ್ಥ. ತಿಳೀತಾ?" ತಲೆಯಾಡಿಸಿದ.

ಅಜ್ಜಿ ಹತ್ತಿರ ಹೋಗಿ ಇನ್ನೊಂದು ಸಲ ಅಳು ಅಂತ ಬೇಡಿಕೊಂಡೆ. "ಕಣ್ಣೀರೇನು ಬೋರ್‌ವೆಲ್ಲಾ, ಸ್ವಿಚ್ ಹಾಕ್ದಾಗೆಲ್ಲ ಬರಾಕೆ?" ಅಂದವಳು, ತಪ್ಪು ಯಾರದು ಅಂತ ಗೊತ್ತಾದದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಕ್ಯಾಮೆರಾದವನ ಮೇಲೆ ಹೋದಳು. ಹೊಡೆದೇಬಿಡುತ್ತಾಳೆ ಅನಿಸಿತು. ಗಾಬರಿಯಲ್ಲಿ ನನ್ನ ಬಾಯಿಗೆ ಅಪ್ಪನ ತೆಲುಗು ಬಂದುಬಿಟ್ಟಿತು. "ಚಾಲು ಅಜ್ಜಿ! ಚಾಲು!" ಸಾಕು ಅಜ್ಜಿ ಸಾಕು ಅಂತ.

ಅವನು ತಕ್ಷಣ ಕ್ಯಾಮೆರಾ ಶುರು ಮಾಡಿದ.

ಹಿಂದೆ ಬಸ್ಸು, ಮುಖದ ಮೇಲೆ ಕೆಂಪು ಬಿಸಿಲು. ಅಜ್ಜಿ ಕ್ಯಾಮೆರಾ ಕಣ್ಣಿಗೇ ಬೆರಳು ಚಾಚಿ ಗುಡುಗಿದಳು, "ಜೀವಮಾನ ಪೂರ್ತಿ ಅತ್ತಿದ್ದೀನಿ, ಒಬ್ರೂ ತಿರುಗಿ ನೋಡ್ಲಿಲ್ಲ. ಇವತ್ತು ನೋಡಾಕೇ ಅಂತ ನಿನ್ನ ನಿಲ್ಸಿದ್ರೆ, ನೀನೂ ಕಣ್ಣು ಮುಚ್ಕೊಂಡ್ಯಾ?"

ಸಿನಿಮಾ ಅದೇ ದೃಶ್ಯದಲ್ಲಿ ಮುಗಿಯಿತು. ಬೆಂಗಳೂರಿನಲ್ಲಿ ತೋರಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಗಡ್ಡದ ವಿಮರ್ಶಕರೊಬ್ಬರು ಗದ್ಗದ ದನಿಯಲ್ಲಿ ಕೇಳಿದರು, "ಆ ತಾಯಿ ನೇರವಾಗಿ ಇಡೀ ಸಮಾಜವನ್ನೇ 'ನೀನೂ ಕಣ್ಣು ಮುಚ್ಕೊಂಡ್ಯಾ' ಅಂತ ಪ್ರಶ್ನೆ ಮಾಡ್ತಾರೆ. ಈ ಕಲ್ಪನೆ ನಿಮಗೆ ಹೇಗೆ ಬಂತು?"

ನಾನು ಗಂಟಲು ಸರಿಮಾಡಿಕೊಂಡು ಗಂಭೀರವಾದ ಉತ್ತರವೊಂದನ್ನು ಶುರು ಮಾಡೋದರಲ್ಲಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಜ್ಜಿ ಮೈಕು ಕಿತ್ತುಕೊಂಡಳು.

"ಆ ಸಮಾಜ ಅಲ್ಲೇ ಮೂರನೇ ಸಾಲಲ್ಲಿ ಕೂತವ್ನೆ ನೋಡಿ ಸಾಮಿ. ಹೈದ್ರಾಬಾದಿಂದ ಬಂದವ್ನೆ."