ಅತ್ತಿಗೆಯ ಕಣ್ಣುಕಟ್ಟು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅತ್ತಿಗೆಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಸೀಟಿನವರ ಸೀರೆಯಂಚಿನಲ್ಲಿ ನೂಲು ಬಿಟ್ಟದ್ದನ್ನು ನನಗೆ ತೋರಿಸುವಷ್ಟು! ಆದರೂ ಸ್ಟಾಫ್ ರೂಮಿನಲ್ಲಿ ಕಣ್ಣಿಗೆ ಬಿಗಿಯಾಗಿ ಕರ್ಚೀಫು ಕಟ್ಟಿಕೊಂಡು, ಲ್ಯಾಪ್‌ಟಾಪಿನ ಎದುರು ಕೂತು, "ಛೆ, ಇದು ಸರಿ ಇಲ್ಲ" ಎಂದು ಗೊಣಗುವ ಹೆಂಗಸನ್ನು ಕಂಡರೆ ಹೊಸಬರು ಏನೆಂದುಕೊಳ್ಳಬೇಕು? ಒಬ್ಬರು ನನ್ನನ್ನು ಬದಿಗೆ ಕರೆದು, "ಪಾಪ, ಆಪರೇಷನ್ ಯಾವಾಗ ಆದದ್ದು?" ಎಂದು ಕೇಳಿದ್ದೂ ಉಂಟು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಅವರು ಅರ್ಥಶಾಸ್ತ್ರ ಕಲಿಸುತ್ತಾರೆ, ಅಲ್ಲಿಯೇ ನಾನು ಕನ್ನಡ. ಒಂದೇ ಮನೆ, ಒಂದೇ ಬಸ್ಸು, ಒಂದೇ ಸ್ಟಾಫ್ ರೂಮು. ತಪ್ಪಿಸಿಕೊಳ್ಳುವುದಾದರೂ ಎಲ್ಲಿಗೆ?

ಇದೆಲ್ಲ ಶುರುವಾದದ್ದು ಪೈವಳಿಕೆಯ ಪ್ರೆಸಿಲ್ಲಾ ನಮ್ಮ ಕಾಲೇಜು ಸೇರಿದ ವರ್ಷ. ಚಿಕ್ಕಂದಿನಲ್ಲೇ ದೃಷ್ಟಿ ಹೋದ ಹುಡುಗಿ. ಫೋನಿನಲ್ಲಿ ಬಂದ ಅಕ್ಷರಗಳನ್ನು ಫೋನೇ ಅವಳಿಗೆ ಓದಿ ಹೇಳುತ್ತದೆ. ನಮ್ಮ ನೋಟ್ಸೆಲ್ಲ ಈಗ ಕಾಲೇಜಿನ ವೆಬ್‌ಸೈಟಿನಲ್ಲಲ್ಲವೇ? ಅತ್ತಿಗೆಯ ಕೈಬರಹ ಬಹಳ ಚಂದ. ಅದರ ಮೇಲೆ ಅವರಿಗೆ ಸ್ವಲ್ಪ ಜಂಬವೂ ಇತ್ತು. ಬಣ್ಣಬಣ್ಣದ ಪೆನ್ನಿನಲ್ಲಿ ಬರೆದು, ಫೋಟೋ ಹೊಡೆದು ವೆಬ್‌ಸೈಟಿಗೆ ಹಾಕುತ್ತಿದ್ದರು. ಒಂದು ದಿನ ಕ್ಲಾಸು ಮುಗಿದ ಮೇಲೆ ಪ್ರೆಸಿಲ್ಲಾ ಬಂದು ಮೆಲ್ಲಗೆ ಹೇಳಿದಳು: "ಮೇಡಂ, ನಿಮ್ಮ ಮೂವತ್ತು ಪುಟವನ್ನೂ ಕೇಳಿದೆ. ಎಲ್ಲ ಪುಟದಲ್ಲೂ ಒಂದೇ ಶಬ್ದ ಉಂಟು. ಇಮೇಜ್."

ಫೋಟೋದೊಳಗಿನ ಅಕ್ಷರ ಫೋನಿಗೆ ಓದಲು ಬರುವುದಿಲ್ಲವಂತೆ. ಅವಳೇನೂ ದೂರಲಿಲ್ಲ. ಆದರೆ ಆ ದಿನ ಅತ್ತಿಗೆ ಬುತ್ತಿ ಬಿಚ್ಚಲಿಲ್ಲ. ಬಸ್ಸಿನಲ್ಲಿ ಸೀರೆಯಂಚನ್ನೂ ನೋಡಲಿಲ್ಲ. "ಅಷ್ಟೂ ಪುಟ ಕೇಳಿದ್ದಾಳೆ ಮಾರಾಯ್ತಿ, ಮುಂದಿನದರಲ್ಲಾದರೂ ಎಂತಾದರೂ ಇದ್ದೀತು ಅಂತ" ಎಂದು ಒಂದೇ ಮಾತು ಹೇಳಿದರು.

ಮರುದಿನದಿಂದ ಬಂತು ಕರ್ಚೀಫು! ನೋಟ್ಸನ್ನೆಲ್ಲ ಹೊಸದಾಗಿ ಟೈಪ್ ಮಾಡುವುದು, ಲ್ಯಾಪ್‌ಟಾಪಿನಿಂದ ಓದಿಸಿ ಪ್ರೆಸಿಲ್ಲಾಳ ಹಾಗೆ ಕಣ್ಣು ಕಟ್ಟಿಕೊಂಡು ಕೇಳುವುದು, ತಿದ್ದುವುದು, ಮತ್ತೆ ಕಟ್ಟಿಕೊಳ್ಳುವುದು. ಹೀಗೆ ಕೂತಿದ್ದಾಗ ಯಾರೋ ಬಂದ ಸದ್ದಾಯಿತು.

"ಚಹಾ ಅಲ್ಲಿಡು ಮಾರಾಯ. ಸಕ್ಕರೆ ಹಾಕಿಲ್ಲ ಅಲ್ವಾ?"

"ಸಕ್ಕರೆ ಹಾಕಿಲ್ಲ ಮೇಡಂ. ಚಹಾವನ್ನೂ ತಂದಿಲ್ಲ. ನಾನು ಪ್ರಿನ್ಸಿಪಾಲ್."

ಬೇರೆ ಯಾರಾದರೂ ಆಗಿದ್ದರೆ ಮೇಜಿನಡಿ ನುಸುಳುತ್ತಿದ್ದರು. ಅತ್ತಿಗೆ ಕರ್ಚೀಫನ್ನೂ ಬಿಚ್ಚಲಿಲ್ಲ! "ಬನ್ನಿ ಸರ್, ನಿಮ್ಮ ಸುತ್ತೋಲೆಯನ್ನೇ ಕೇಳ್ತಾ ಇದ್ದೆ. ಸ್ಕ್ಯಾನ್ ಮಾಡಿ ಹಾಕಿದ್ದೀರಿ. ಒಂದಕ್ಷರ ಕೇಳುವುದಿಲ್ಲ." ಪ್ರಿನ್ಸಿಪಾಲರು ಒಳ್ಳೆಯವರು. ಮುಂದಿನ ವಾರದಿಂದ ಸುತ್ತೋಲೆಗಳು ಟೈಪಾಗಿ ಬಂದವು.

ಆಮೇಲೆ ಗ್ರಾಫುಗಳ ಸರದಿ. ಬೇಡಿಕೆಯ ರೇಖೆಯನ್ನು ಮಾತಿನಲ್ಲಿ ಹೇಳಬೇಕಲ್ಲ? ಅತ್ತಿಗೆ ಬರೆದರು: "ಮುಳ್ಳೇರಿಯದ ಇಳಿಜಾರಿನಲ್ಲಿ ಡ್ರೈವರ್ ಬ್ರೇಕ್ ಮರೆತಾಗ ಬಸ್ಸು ಹೇಗೆ ಬರುತ್ತದೋ ಹಾಗೆ ಎಡದಿಂದ ಬಲಕ್ಕೆ ಇಳಿಯುವ ಗೆರೆ." ಪ್ರೆಸಿಲ್ಲಾ ಕೇಳಿ ನಕ್ಕಳು. "ಬಸ್ಸು ಚಂದ ಉಂಟು ಮೇಡಂ. ಆದರೆ ಬೆಲೆ ಎಷ್ಟು ಇಳಿದಾಗ ಬೇಡಿಕೆ ಎಷ್ಟು ಏರಿತು ಅಂತ ಹೇಳಿದರೆ ಪರೀಕ್ಷೆಗೆ ಆಗ್ತಿತ್ತು." ಅತ್ತಿಗೆ ಬಸ್ಸನ್ನು ಬಹಳ ಬೇಸರದಿಂದ ಶೆಡ್ಡಿಗೆ ಕಳಿಸಿದರು!

ನಾನು ನಗುತ್ತಾ ಇದ್ದೆ. ನಗು ಎಷ್ಟು ದಿನ? ಅತ್ತಿಗೆ ನನ್ನ ಹಳಗನ್ನಡದ ನೋಟ್ಸನ್ನೂ ಕೇಳಿಬಿಟ್ಟರು.

"ಪ್ರತಿ ಪುಟದಲ್ಲಿ ಈ ಗುಲಾಬಿಯ ಚಿತ್ರ ಎಂತಕ್ಕೆ?"

"ಚಂದಕ್ಕೆ ಅತ್ತಿಗೆ."

"ಆ ಹುಡುಗಿಗೆ ಪದ್ಯದ ನಡುವೆ ನಲ್ವತ್ತು ಸಲ ಇಮೇಜ್ ಅಂತ ಕೇಳ್ತದೆ. ತೆಗಿ."

ತೆಗೆದೆ. ಆದರೆ ಗುಲಾಬಿ ದೊಡ್ಡ ಸಂಗತಿಯೇ ಅಲ್ಲ. ನಾನು ಟೈಪ್ ಮಾಡಿದ್ದು ಯಾವ ಕಾಲದ್ದೋ ಕನ್ನಡ ಫಾಂಟಿನಲ್ಲಿ. ಕಣ್ಣಿಗೆ ಕನ್ನಡ, ಫೋನಿಗೆ ಅದು ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಪದ್ಯ ಓದು ಎಂದರೆ ಅದು "ಎಫ್, ಡಬ್ಲ್ಯು, ಪ್ಲಸ್, ಪಿ" ಎಂದು ಗದರಿತು. "ಹಳಗನ್ನಡ ಕಷ್ಟ ಅಂತ ಗೊತ್ತಿತ್ತು, ಇಷ್ಟು ಹಳೆಯದಾ?" ಎಂದರು ಅತ್ತಿಗೆ. ಓಣಂ ರಜೆಯಿಡೀ, ಫೋನಿಗೂ ಓದಲು ಬರುವ ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿದೆ. ಪಾಯಸ ಕೂಡ ಎಡಗೈಯಲ್ಲಿ ಕುಡಿದದ್ದು!

ಅಲ್ಲಿಗಾದರೂ ನಿಲ್ಲಿಸಿದರೇ? ಕಿವಿ ಮಂದವಿರುವ ಮಕ್ಕಳಿಗೂ ಪಾಠ ಸಿಗಲಿ ಎಂದು ವೀಡಿಯೊಗಳ ಕೆಳಗೆ ಮಾತೆಲ್ಲ ಅಕ್ಷರವಾಗಿ ಬರುವ ವ್ಯವಸ್ಥೆ ಮಾಡಿದರು. ಅದನ್ನು ಯಂತ್ರವೇ ಕೇಳಿಸಿಕೊಂಡು ಬರೆಯುತ್ತದೆ. ಆದರೆ ನಮ್ಮೂರ ಕನ್ನಡ ಅದಕ್ಕೆ ಅರ್ಥವಾಗಬೇಕಲ್ಲ! ಅತ್ತಿಗೆ ಗಂಭೀರವಾಗಿ "ಬೇಡಿಕೆ ಮತ್ತು ಪೂರೈಕೆ" ಎಂದರೆ, ಕೆಳಗೆ "ಬೇಡಕ್ಕ, ಮತ್ತೆ ಪೂರಿ ಹಾಕಿ" ಎಂದು ಬಂತು. ಇಡೀ ಕ್ಲಾಸು ಒಂದು ವಾರ ಪೂರಿ ಕೇಳಿತು. ಅತ್ತಿಗೆ ಕೂತು ಒಂದೊಂದೇ ಸಾಲು ತಿದ್ದಿದರು. ಅರ್ಧ ಗಂಟೆಯ ಪಾಠಕ್ಕೆ ಮೂರು ದಿನ. ಅಷ್ಟೂ ದಿನ ಅಡುಗೆ ಅಣ್ಣನದ್ದು, ತಿನ್ನುವ ಶಿಕ್ಷೆ ನನ್ನದು.

ಹೀಗೆ ಮೂರು ವರ್ಷ ಹೋದದ್ದೇ ಗೊತ್ತಾಗಲಿಲ್ಲ. ಪ್ರೆಸಿಲ್ಲಾ ಅರ್ಥಶಾಸ್ತ್ರದಲ್ಲಿ ಕ್ಲಾಸಿಗೇ ಮೊದಲಿಗಳಾದಳು. ಬೀಳ್ಕೊಡುಗೆಯ ದಿನ ಗ್ರೂಪ್ ಫೋಟೋ ಆಯಿತು. ಸಂಜೆ ಅದು ಎಲ್ಲರ ಫೋನಿಗೆ ಬಂತು. ಮನೆಗೆ ಹೋಗುವ ಬಸ್ಸಿನಲ್ಲೇ ಅತ್ತಿಗೆ ಪ್ರೆಸಿಲ್ಲಾಳಿಗಾಗಿ ಅದರಲ್ಲಿ ಕಂಡದ್ದನ್ನೆಲ್ಲ ಬರೆದು ಕಳಿಸತೊಡಗಿದರು. ಪ್ರಿನ್ಸಿಪಾಲರು ಹೊಟ್ಟೆ ಒಳಗೆಳೆದುಕೊಂಡು ಉಸಿರು ಹಿಡಿದದ್ದು, ಹಿಂದಿನ ಸಾಲಿನ ಹುಡುಗರು ಒಬ್ಬರಿಗೊಬ್ಬರು ತಲೆಯ ಹಿಂದೆ ಬೆರಳಿನ ಕೊಂಬು ಇಟ್ಟದ್ದು, ನಾನು ಸರಿಯಾದ ಹೊತ್ತಿಗೆ ಕಣ್ಣು ಮುಚ್ಚಿದ್ದು, ಪ್ರೆಸಿಲ್ಲಾಳ ನೀಲಿ ಚೂಡಿದಾರ, ಒಬ್ಬರನ್ನೂ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಉತ್ತರ ಬಂತು: "ಮೇಡಂ, ನೀವು ಫೋಟೋಕ್ಕೆ ನಿಲ್ಲಲಿಲ್ವಾ?"

ಅತ್ತಿಗೆ ಏನೋ ಟೈಪ್ ಮಾಡಿದರು, ಅಳಿಸಿದರು. "ನನ್ನದೆಂತ ಬರೆಯುವುದು ಮಾರಾಯ್ತಿ?" ಎಂದು ಫೋನನ್ನು ನನ್ನ ಕೈಗೆ ಕೊಟ್ಟು, ಕಿಟಕಿಯ ಕಡೆ ತಿರುಗಿದರು.

ನಾನು ಬರೆದೆ: "ಪ್ರೆಸಿಲ್ಲಾ, ಮೇಡಂ ನಿನ್ನ ಬಲಬದಿಗೆ ನಿಂತಿದ್ದಾರೆ. ಗಿಡ್ಡ, ಕೂದಲು ಅರ್ಧ ಬಿಳಿ, ಹಸಿರು ಕಾಟನ್ ಸೀರೆ. ನಾವೆಲ್ಲ ಕ್ಯಾಮೆರಾದ ಕಡೆ ಮುಖ ಮಾಡಿದ್ದೇವೆ. ಅವರೊಬ್ಬರು ಮಾತ್ರ ನಿನ್ನನ್ನು ನೋಡುತ್ತಿದ್ದಾರೆ."