ಡಿಸ್ಕ್ ತುಂಬಿಸಿದವರು ಯಾರು

ಸಂಶಯ ನನ್ನ ಹುಟ್ಟುಗುಣ. ಹಾಲು ಗಟ್ಟಿಯಾಗಿ ಬಂದರೂ ಇವತ್ತೇಕೆ ಗಟ್ಟಿ ಎಂದು ಯೋಚಿಸುವವನು ನಾನು. ಇಂಥವನು ಹಳಿಯಾಳದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇಟ್ಟು, ಕಂಪ್ಯೂಟರ್ ತಂದು, ನಡುವಯಸ್ಸಿನ ಮಹಾದೇವಿಯನ್ನು ಟೈಪಿಗೆ ಕೂರಿಸಿದರೆ ನೆಮ್ಮದಿ ಎಲ್ಲಿಂದ ಬರಬೇಕು?

ಒಂದು ಮಧ್ಯಾಹ್ನ ಪಾಳಾ ಊರಿನ ಹೆಣ್ಣಿನ ಕಡೆಯವರು ಅಂಗಡಿಯಲ್ಲೇ ಕೂತಿದ್ದಾಗ, ಡಿಸ್ಕಿನಲ್ಲಿ ಜಾಗವಿಲ್ಲವೆಂದು ಕಂಪ್ಯೂಟರ್ ಕೈಯೆತ್ತಿತು. ಅವರ ಪತ್ರಿಕೆ ಸೇವ್ ಆಗಲೊಲ್ಲದು. "ಸಂಜೀ ಬಸ್ಸಿಗೆ ಪತ್ರಿಕಿ ಒಯ್ಯಬೇಕ್ರಿ" ಎಂದರು ಹುಡುಗಿಯ ತಂದೆ. ನನ್ನ ಕಣ್ಣು ನೇರ ಮಹಾದೇವಿಯ ಮೇಲೆ ಹೋಯಿತು. ಅವಳು ಟೈಪು ಮಾಡುತ್ತ ಹಾಡು ಗುನುಗುತ್ತಾಳೆ. ಗುನುಗುವವಳು ಕಂಪ್ಯೂಟರಿಗೆ ಹಾಡು ತುಂಬಿಸದೆ ಇರುತ್ತಾಳೆಯೇ? "ಸಿನಿಮಾ ಹಾಡು ಎಷ್ಟು ತುಂಬೀಯವ್ವ?" ಎಂದು ಗಿರಾಕಿಗಳ ಎದುರಿಗೇ ಕೇಳಿಬಿಟ್ಟೆ. ಅವಳ ಮುಖ ಇಳಿಯಿತು. ಕುರ್ಚಿ ಹಿಂದೆ ಸರಿಸಿ, "ಕಳ್ಳಿ ಅನಿಸ್ಕೊಂಡು ನಾ ಇಲ್ಲೆ ಕುಂದ್ರಾಂಗಿಲ್ರಿ. ಮೊದಲ ಹುಡುಕ್ರಿ, ಆಮ್ಯಾಲೆ ಮನಿಗೆ ಹೋಗ್ತೇನಿ" ಎಂದಳು.

ಅವಳು ಹೋದರೆ ಅಂಗಡಿಗೆ ಬೀಗವೇ ಗತಿ. ಕನ್ನಡ ಟೈಪು ನನ್ನ ಕೈಗೆ ಹತ್ತುವುದಿಲ್ಲ. ಆದರೂ ಹಟಕ್ಕೆ ಬಿದ್ದು ಹುಡುಕಲು ಕೂತೆ. ಹಾಡು ಇರಲಿಲ್ಲ. ಇಸ್ಪೀಟಿನ ಆಟವೊಂದು ಕಂಡಿತು, ಅದು ಕಂಪ್ಯೂಟರಿನ ಜೊತೆಗೇ ಬಂದದ್ದು, ಆಡುವವನೂ ನಾನೇ. ಒಂದೊಂದೇ ಫೋಲ್ಡರಿನ ಗಾತ್ರ ನೋಡುತ್ತ ಹೋದಾಗ ಎಲ್ಲಕ್ಕಿಂತ ದಪ್ಪಗಿನದೊಂದು ಸಿಕ್ಕಿತು. "ಸಿಕ್ತು ನೋಡು" ಎಂದು ಗೆದ್ದವನಂತೆ ತೆರೆದೆ. ಒಳಗೆಲ್ಲ ಲಗ್ನಪತ್ರಿಕೆಗಳು. ಒಂದೊಂದು ಲಗ್ನದ್ದೇ ಹತ್ತಾರು.

ನಮ್ಮ ಕಡೆ ಪತ್ರಿಕೆಯಲ್ಲಿ ಹೆಸರು ಹಿಂದುಮುಂದಾದರೆ ಕಾಕಾಂದಿರು ಲಗ್ನದಲ್ಲಿ ಊಟಕ್ಕೆ ಏಳುವುದಿಲ್ಲ. ಹೆಸರು ತಿದ್ದಿಸಿದವರೇ ನಾಳೆ ತಪ್ಪು ಪ್ರೆಸ್ಸಿನದು ಎಂದರೆ? ಆ ಸಂಶಯಕ್ಕೆ, ಪ್ರತಿ ಸಲ ತಿದ್ದುವ ಮೊದಲು ಹಳೆಯದನ್ನು ಮುಖಪುಟದ ದೊಡ್ಡ ಬಸವಣ್ಣನ ಚಿತ್ರ ಸಮೇತ ನಕಲು ಮಾಡಿ ತೆಗೆದಿಡುತ್ತಿದ್ದೆ. ಒಬ್ಬ ಕಾಕಾ ಒಂದರಲ್ಲಿ ಮೇಲಿದ್ದ, ಇನ್ನೊಂದರಲ್ಲಿ ಕೆಳಗಿದ್ದ, ಮತ್ತೊಂದರಲ್ಲಿ ಇರಲೇ ಇಲ್ಲ. ಡಿಸ್ಕನ್ನು ತುಂಬಿಸಿದ್ದು ಅವಳ ಹಾಡಲ್ಲ, ನನ್ನ ಅಪನಂಬಿಕೆ. ನಿಜಕ್ಕೂ ನಾಚಿಕೆಯಾಯಿತು.

"ತಪ್ಪಾತವ್ವ. ಇವನ್ನೆಲ್ಲ ತಗದುಬಿಡು, ಪಾಳಾದವ್ರದ್ದು ಮುಗಸೂಣು" ಎಂದೆ.

ಮಹಾದೇವಿ ಕುರ್ಚಿಗೆ ಮರಳಿದಳು, ಆದರೆ ಕೈ ಮಡಿಲಲ್ಲೇ ಇತ್ತು. "ನೀವ ತಗೀರಿ. ನಾಳೆ ಯಾರರ ಜಗಳಕ್ಕ ಬಂದ್ರ ನನ್ನ ಹೆಸರು ಹೇಳ್ತೀರಿ." ಅಂಗಡಿಯ ಹಿಂದಿನ ಮನೆಯಲ್ಲಿದ್ದ ನನ್ನ ಹೆಂಡತಿಯನ್ನೂ ಕರೆದಳು: "ಅಕ್ಕಾರ, ಬರ್ರಿ ಇಲ್ಲೆ. ಇವ್ರು ತಮ್ಮ ಕೈಲೆ ಅಳಸ್ತಾರ, ನೀವು ನೋಡಿರ್ರಿ."

ಹೆಂಡತಿ ಬಂದು ನನ್ನ ಬೆನ್ನ ಹಿಂದೆ ನಿಂತಳು. ಪಾಳಾದವರೂ ಎದ್ದು ಬಂದರು. ಎಲ್ಲರೆದುರು ಗುಂಡಿ ಒತ್ತಿದೆ. ಮಹಾದೇವಿ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಖರೇನ ಹೋದುವೇನು, ತೆರದು ತೋರಸ್ರಿ" ಎಂದಳು.

ತೆರೆದು ತೋರಿಸಿದೆ.