ಹತ್ತು ನಲವತ್ತೊಂದಕ್ಕೆ ಬಂದ ಕರೆಯ ಬಗ್ಗೆ

ಮಾನ್ಯರಾದ ಕರೆ ನಿರ್ವಹಣಾ ಯಂತ್ರ ಮಹೋದಯರೇ,

ನಗರದ ತುರ್ತು ಸೇವೆಯ ಕರೆ ಕೊಠಡಿಯಲ್ಲಿ, ನಾಲ್ಕನೇ ಮೇಜಿನ ಮುಂದೆ, ಗಾಲಿಯೊಂದು ಮುರಿದ ಕುರ್ಚಿಯಲ್ಲಿ ಹದಿಮೂರು ವರ್ಷಗಳಿಂದ ಕುಳಿತಿರುವ ನನ್ನ ಗೌರವಪೂರ್ವಕ ನಮಸ್ಕಾರಗಳನ್ನು ತಾವು ಸ್ವೀಕರಿಸಬೇಕು. ತಾವು ಕ್ಷೇಮವಾಗಿದ್ದೀರೆಂದು ತಮ್ಮ ನೆತ್ತಿಯ ಮೇಲಿನ ಹಸಿರು ದೀಪದಿಂದ ತಿಳಿದು ಸಂತೋಷವಾಗಿದೆ. ಕೊಠಡಿಯ ಎರಡೂ ಏಸಿಗಳನ್ನು ತಮ್ಮ ಕಡೆಗೇ ತಿರುಗಿಸಿರುವುದರಿಂದ ತಮ್ಮ ಆರೋಗ್ಯದ ಬಗ್ಗೆ ನಮಗೆ ಚಿಂತೆಯೇನೂ ಇಲ್ಲ. ನಾವು ಎಂಟು ಜನ ಸೆರಗಿನಿಂದಲೋ ಕರವಸ್ತ್ರದಿಂದಲೋ ಬೆವರು ಒರೆಸಿಕೊಂಡು ಹೇಗೋ ಕಾಲ ಹಾಕುತ್ತಿದ್ದೇವೆ.

ತಾವು ನಮ್ಮಲ್ಲಿಗೆ ದಯಮಾಡಿಸಿ ನಾಲ್ಕು ತಿಂಗಳಾಯಿತು. ಅದಕ್ಕೂ ಮೊದಲು ನಮ್ಮ ಹತ್ತಿರ ಇದ್ದದ್ದು ಉದ್ದನೆಯ ಒಂದು ರಿಜಿಸ್ಟರು ಮತ್ತು ಕರೆ ಮಾಡಿದವರ ಉಸಿರು ಕೇಳಿದರೆ ಅರ್ಧ ವಿಷಯ ತಿಳಿಯುತ್ತದೆ ಎಂಬ ಹಳೆಯ ಕಾಲದ ನಂಬಿಕೆ. ತಾವು ಬಂದ ಮೇಲೆ ಪರದೆಯ ಮೇಲೆ ಒಂದಾದ ಮೇಲೊಂದು ಪ್ರಶ್ನೆಗಳು ಮೂಡುತ್ತವೆ, ಒಂದಕ್ಕೆ ಉತ್ತರ ತುಂಬದೆ ಇನ್ನೊಂದು ತೆರೆಯುವುದಿಲ್ಲ. ಕೆರೆಗೆ ಯಾರೋ ಬಿದ್ದಿದ್ದಾರೆಂದು ಕೂಗಿಕೊಂಡವರ ಬಾಯಿಂದ ತಾವು ಕೆರೆಯ ಪಿನ್ ಕೋಡ್ ಹೊರಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಥ ಶಿಸ್ತು ನಮ್ಮಂಥ ಹುಲುಮಾನವರಿಂದ ಸಾಧ್ಯವಿರಲಿಲ್ಲ, ನಾವಾಗಿದ್ದರೆ ದುಡುಕಿ ಈಜು ಬರುವವರನ್ನು ಕಳುಹಿಸಿಬಿಡುತ್ತಿದ್ದೆವು.

ತಮ್ಮ ಶಿಸ್ತು ನನ್ನ ಮನೆಯವರೆಗೂ ಬಂದಿದೆ ಎಂಬುದನ್ನು ಕೃತಜ್ಞತೆಯಿಂದ ತಿಳಿಸುತ್ತೇನೆ. ಕಳೆದ ವಾರ ಮಗಳು ಹೊಟ್ಟೆನೋವು ಎಂದಾಗ ನಾನು ಅವಳ ವಯಸ್ಸು ಕೇಳಿದೆನಂತೆ. ಅತ್ತೆಯವರು ಅಂಗಡಿಯಿಂದ ಫೋನ್ ಮಾಡಿ ಸೋಪು ಯಾವುದು ತರಲಿ ಎಂದದ್ದಕ್ಕೆ, ಗಾಬರಿಯಾಗಬೇಡಿ, ನೀವು ಇರುವ ಜಾಗ ಹೇಳಿ ಎಂದೆನಂತೆ. "ನಿನ್ನ ಜೊತೆ ಮಾತಾಡೋಕೆ ಮೊದಲು ಎಲ್ಲಾದ್ರೂ ಬಿದ್ದು ಕಾಲು ಮುರ್ಕೋಬೇಕು ನೋಡು" ಎಂದು ಅವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಇರಲಿ, ಇವು ಮನೆಯ ಮಾತು. ನಾನು ಈ ಪತ್ರ ಬರೆಯಬೇಕಾಗಿ ಬಂದದ್ದು ಗಡಿಯಾರ ರಿಪೇರಿಯವರ ವಿಷಯವಾಗಿ.

ದರ್ಜಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಲಾಗದಷ್ಟು ಇಕ್ಕಟ್ಟಾದ ಅಂಗಡಿ ಅವರದು. ಒಂಬತ್ತು ವರ್ಷಗಳಿಂದ ಅವರು ಭಾನುವಾರ ಬಿಟ್ಟು ಪ್ರತಿದಿನ ಬೆಳಿಗ್ಗೆ ಸರಿಯಾಗಿ ಹನ್ನೊಂದು ಗಂಟೆಗೆ ತುರ್ತು ಸೇವೆಗೆ ಕರೆ ಮಾಡಿ "ಎಷ್ಟಾಯ್ತಮ್ಮ?" ಎಂದು ಕೇಳುತ್ತಿದ್ದರು. ನಾನು ಗೋಡೆಯ ಮೇಲಿನ ಸಮಯ ನೋಡಿ "ಹನ್ನೊಂದು ಗಂಟೆ, ಎಂಟು ಸೆಕೆಂಡು" ಅನ್ನುತ್ತಿದ್ದೆ. "ಸರಿ" ಎಂದು ಇಟ್ಟುಬಿಡುತ್ತಿದ್ದರು. ಒಟ್ಟು ಐದು ಸೆಕೆಂಡಿನ ಕೆಲಸ. ಆಮೇಲೆ ಅವರು ರಿಪೇರಿಯಾದ ಗಡಿಯಾರಗಳನ್ನೆಲ್ಲ ಹೊಂದಿಸಿ, ಅರ್ಧ ಎಳೆದಿದ್ದ ಷಟರನ್ನು ಪೂರ್ತಿ ಎತ್ತಿ ಆ ದಿನದ ವ್ಯಾಪಾರಕ್ಕೆ ಕೂರುತ್ತಿದ್ದರು.

ಇದು ತುರ್ತು ಸೇವೆಯ ದುರುಪಯೋಗವೆಂದು ತಾವು ಹೇಳಬಹುದು, ಹೇಳಿಯೂ ಇದ್ದೀರಿ. ಮೊದಮೊದಲು ನಾನೂ ಗದರಿದ್ದುಂಟು. ಆಮೇಲೆ ಹನ್ನೊಂದಕ್ಕೆ ಆ ಸಂಖ್ಯೆ ಕಾಣಿಸಿದರೆ ಉಳಿದ ಮೇಜಿನವರು "ಮೇಡಂ, ನಿಮ್ಮ ಹನ್ನೊಂದು ಗಂಟೆ ಬಂತು" ಎಂದು ನನಗೇ ಬಿಡತೊಡಗಿದರು. ಒಮ್ಮೆ ಅತ್ತೆಯವರ ಗೋಡೆ ಗಡಿಯಾರ ನಿಂತುಹೋಗಿ ಅದನ್ನು ಹೊತ್ತುಕೊಂಡು ಅವರ ಅಂಗಡಿಗೇ ಹೋದೆ. ನಾನು ಎರಡು ಮಾತಾಡುವಷ್ಟರಲ್ಲಿ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು "ನೀವು ಹನ್ನೊಂದು ಗಂಟೆಯವರಲ್ವಾ?" ಎಂದರು. ಕೈಯಲ್ಲೇ ಮೊಬೈಲು ಇದೆಯಲ್ಲ, ಅದರಲ್ಲಿ ಸಮಯ ಕಾಣುವುದಿಲ್ಲವೇ ಎಂದು ಕೇಳಿದೆ. "ಅದು ಎಲ್ಲಿಂದಲೋ ಬಂದಿದ್ದು ಕಣಮ್ಮ. ನೀವಾದ್ರೆ ನೋಡಿ ಹೇಳ್ತೀರ" ಎಂದರು.

ಈಗ, ಮಹೋದಯರೇ, ನಾಚಿಕೆಯ ವಿಷಯಕ್ಕೆ ಬರುತ್ತೇನೆ. ಮುಗಿದ ಕರೆಯನ್ನು ತಮ್ಮ ಪರದೆಯ ಮೇಲೆ ಮುಚ್ಚಬೇಕಾದರೆ ಅದು ಎಂಥ ಕರೆ ಎಂದು ಹೇಳಬೇಕಷ್ಟೆ. 'ಮಾಹಿತಿ ಕೇಳಿದ ಕರೆ' ಎಂದು ಒತ್ತಿದರೆ ತಾವು ಆರು ಖಾನೆ ತೆರೆದು ಯಾವ ಮಾಹಿತಿ, ಏಕೆ, ಯಾರ ಅನುಮತಿಯಿಂದ ಎಂದು ವಿಚಾರಿಸುತ್ತೀರಿ. 'ಅನಗತ್ಯ ಕರೆ' ಎಂದರೆ ಒಂದೇ ಒತ್ತು, ಮುಗಿಯಿತು. ಹನ್ನೊಂದು ಗಂಟೆಯೆಂದರೆ ನಮ್ಮಲ್ಲಿ ಸಂತೆಯಂಥ ಹೊತ್ತು, ಶಾಲೆಯ ವ್ಯಾನು, ಕಟ್ಟಡದ ಸಾರುವೆ, ಅಡುಗೆಮನೆಯ ಸಿಲಿಂಡರು ಎಲ್ಲವೂ ಆಗಲೇ ಬರುತ್ತವೆ. ಕಳೆದ ತಿಂಗಳು ಇಪ್ಪತ್ತೆರಡು ದಿನ ನಾನು ಅವರಿಗೆ ಬಾಯಲ್ಲಿ ಸಮಯ ಹೇಳಿ, ಬೆರಳಲ್ಲಿ 'ಅನಗತ್ಯ' ಎಂದು ಒತ್ತಿದೆ. ನನಗೆ ಅದು ಬರೀ ಒಂದು ಗುಂಡಿಯಾಗಿತ್ತು.

ತಾವು ಅದನ್ನೆಲ್ಲ ಶ್ರದ್ಧೆಯಿಂದ ಎಣಿಸಿಕೊಂಡಿರಿ. ತಿಂಗಳಿಗೆ ಇಪ್ಪತ್ತಕ್ಕಿಂತ ಹೆಚ್ಚು ಬಾರಿ ಅನಗತ್ಯ ಎನಿಸಿಕೊಂಡ ಸಂಖ್ಯೆಯನ್ನು ತಾವೇ ತಡೆಹಿಡಿಯುವ ಹೊಸ ಸೌಲಭ್ಯ ತಮಗೆ ಈ ತಿಂಗಳ ಒಂದನೇ ತಾರೀಖಿನಿಂದ ದೊರೆಯಿತು. ಹಾಗೆಂದು ನಮಗೆ ತಿಳಿಸುವ ಸುತ್ತೋಲೆ ಐದನೇ ತಾರೀಖು ಬಂತು, ಮತ್ತು ಅದನ್ನು ಅತ್ಯಂತ ಸುರಕ್ಷಿತವಾಗಿ ಮೇಲ್ವಿಚಾರಕರ ಬೀರುವಿನ ಬಾಗಿಲ ಒಳಭಾಗಕ್ಕೆ ಅಂಟಿಸಲಾಯಿತು.

ಒಂದನೇ ತಾರೀಖು ಬೆಳಿಗ್ಗೆ ಹನ್ನೊಂದಾಯಿತು, ಕರೆ ಬರಲಿಲ್ಲ. ಹನ್ನೊಂದು ದಾಟಿ ಎರಡು ನಿಮಿಷವಾಯಿತು. ಬೇರೆ ಯಾರೇ ಆಗಿದ್ದರೂ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಆದರೆ ಒಂಬತ್ತು ವರ್ಷದಲ್ಲಿ ಆ ಮನುಷ್ಯ ತಡ ಮಾಡಿದ್ದಿಲ್ಲ. ನಾನೇ ಅವರಿಗೆ ಕರೆ ಮಾಡಹೋದರೆ 'ಈ ಸಂಖ್ಯೆ ಅನಗತ್ಯ ಪಟ್ಟಿಯಲ್ಲಿದೆ' ಎಂದು ತಾವು ಕೆಂಪಕ್ಷರದಲ್ಲಿ ತೋರಿಸಿದಿರಿ. ಓ, ಅದಕ್ಕೇ ಬಂದಿಲ್ಲ, ಪಾಪ, ಅಲ್ಲಿ ಕೂತು ನನಗೆ ಬೈಯುತ್ತಿರಬೇಕು ಎಂದುಕೊಂಡು ನಕ್ಕೂ ನಕ್ಕೆ. ನಗುತ್ತಲೇ ಆ ಕೆಂಪಕ್ಷರದ ಮೇಲೆ ಒತ್ತಿದಾಗ ತಾವು ತಡೆಹಿಡಿದ ಕರೆಗಳ ಪಟ್ಟಿ ತೆರೆಯಿತು. ಹತ್ತು ನಲವತ್ತೊಂದಕ್ಕೆ ಒಂದು, ಅಲ್ಲಿಂದ ಹತ್ತು ನಲವತ್ತನಾಲ್ಕರೊಳಗೆ ಇನ್ನೂ ಐದು. ಹನ್ನೊಂದಕ್ಕೆ ಒಂದೂ ಇಲ್ಲ.

ಹತ್ತು ನಲವತ್ತೊಂದಕ್ಕೆ ಯಾರೂ ಗಡಿಯಾರ ಹೊಂದಿಸುವುದಿಲ್ಲ.

ಆಂಬುಲೆನ್ಸ್ ಕಳುಹಿಸಲು ಹೊರಟರೆ, ಸ್ವೀಕೃತವಾದ ಕರೆಯ ಸಂಖ್ಯೆ ನಮೂದಿಸಿ ಎಂದಿರಿ. ತಡೆಹಿಡಿದ ಕರೆಯ ಸಂಖ್ಯೆ ಹಾಕಿದರೆ ಅಂಥ ಕರೆ ಬಂದೇ ಇಲ್ಲ ಎಂದಿರಿ. ಮೇಲ್ವಿಚಾರಕರು ಸಭೆಯಲ್ಲಿದ್ದರು, ಸಭೆ ತಮ್ಮ ಕಾರ್ಯಕ್ಷಮತೆಯ ಕುರಿತದ್ದಾಗಿತ್ತು. ಕೊನೆಗೆ ನಾನು ಕಿವಿಯಿಂದ ಹೆಡ್‌ಫೋನು ಕಿತ್ತಿಟ್ಟು, ಹೊರಗೆ ಚಪ್ಪಲಿ ಗೂಡಿನಲ್ಲಿಟ್ಟಿದ್ದ ನನ್ನ ಮೊಬೈಲು ತೆಗೆದುಕೊಂಡು, ನೀರಿನ ಡ್ರಮ್ಮಿನ ಪಕ್ಕ ನಿಂತು ನಗರದ ಯಾವುದೇ ನಾಗರಿಕಳಂತೆ ತುರ್ತು ಸೇವೆಗೆ ಕರೆ ಮಾಡಿದೆ. ಐದನೇ ಮೇಜಿನವರು ಎತ್ತಿದರು. "ಮೇಡಂ, ನೀವಾ? ಈಗ ಇಲ್ಲೇ ಇದ್ರಲ್ಲ!" ಎಂದರು. "ಇಲ್ಲೇ ಇದ್ದೀನಿ, ಮೊದಲು ಬರ್ಕೊಳ್ಳಿ" ಎಂದೆ. ಗಾಜಿನ ಆಚೆ ಅವರು, ಈಚೆ ನಾನು, ಮುಖ ಮುಖ ನೋಡಿಕೊಂಡು ತಮ್ಮ ಒಂಬತ್ತೂ ಪ್ರಶ್ನೆಗಳಿಗೆ ಉತ್ತರ ತುಂಬಿದೆವು. ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಆಂಬುಲೆನ್ಸ್ ಹೊರಟಿತು. ಹನ್ನೊಂದು ಹತ್ತಕ್ಕೆ ನನ್ನ ಮೊಬೈಲಿಗೆ, ನಮ್ಮ ಸೇವೆ ತೃಪ್ತಿಕರವಾಗಿತ್ತೇ, ಒಂದರಿಂದ ಐದರವರೆಗೆ ಅಂಕ ಕೊಡಿ ಎಂದು ತಮ್ಮ ಸಂದೇಶ ಬಂತು. ಆ ಸೌಜನ್ಯವನ್ನು ಮರೆಯಲಾರೆ.

ಅರ್ಧ ಎಳೆದ ಷಟರಿನ ಒಳಗೆ ಅವರು ಮೇಜಿಗೂ ಗೋಡೆಗೂ ನಡುವೆ ಸಿಕ್ಕಿಬಿದ್ದಿದ್ದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಫೋನು ಎಡಗೈಯಲ್ಲೇ ಇತ್ತಂತೆ, ಅದರಲ್ಲಿ ಆರು ಬಾರಿ ತಮ್ಮ ಮಧುರವಾದ ಧ್ವನಿ ಅವರಿಗೆ ಕೇಳಿಸಿತ್ತು: "ತಮ್ಮ ಸಂಖ್ಯೆಯಿಂದ ಅನಗತ್ಯ ಕರೆಗಳು ಬಂದಿರುವುದರಿಂದ ಈ ಕರೆಯನ್ನು ಸ್ವೀಕರಿಸಲಾಗುವುದಿಲ್ಲ. ತುರ್ತು ಸಂದರ್ಭವಿದ್ದಲ್ಲಿ ದಯವಿಟ್ಟು ತುರ್ತು ಸೇವೆಗೆ ಕರೆ ಮಾಡಿ." ಇಷ್ಟು ಒಳ್ಳೆಯ ಸಲಹೆಯನ್ನು ಅವರು ಆರು ಬಾರಿಯೂ ಪಾಲಿಸಿದ್ದಾರೆಂಬುದನ್ನು ತಾವು ಗಮನಿಸಬೇಕು.

ಜೀವ ಉಳಿದಿದೆ. ಬಲಗೈ ಏಳುವುದಿಲ್ಲ. ಇನ್ನರ್ಧ ಗಂಟೆ ಮುಂಚೆ ಕರೆತಂದಿದ್ದರೆ ಕೈ ಉಳಿಯುತ್ತಿತ್ತೇನೋ ಎಂದು ವೈದ್ಯರು ಹೇಳಿದರು. ಆ ಕೈಯಲ್ಲಿ ಅವರು ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ಎತ್ತಿಡುತ್ತಿದ್ದರು. ನಾನು ಆಸ್ಪತ್ರೆಗೆ ಹೋದಾಗ ಅವರ ಹೆಂಡತಿ ಸ್ಟೂಲಿನ ಮೇಲೆ ಕುಳಿತು ಆ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ಮಾಡುತ್ತಿದ್ದರು. ಹಾಸಿಗೆಯಲ್ಲಿದ್ದ ಗಡಿಯಾರದವರು ನನ್ನನ್ನು ನೋಡಿ, ತೊದಲುತ್ತ, "ಅವತ್ತು ಲೈನು ಕೆಟ್ಟಿತ್ತೇನಮ್ಮ?" ಎಂದು ಕೇಳಿದರು.

"ಹೌದು, ಕೆಟ್ಟಿತ್ತು" ಎಂದೆ. ಒಂಬತ್ತು ವರ್ಷದಲ್ಲಿ ಆ ಮನುಷ್ಯನಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಮೆಟ್ಟಿಲಿಳಿದು ಬಂದು ಆಸ್ಪತ್ರೆಯ ಸೈಕಲ್ ಸ್ಟ್ಯಾಂಡಿನಲ್ಲಿ ಅತ್ತುಬಿಟ್ಟೆ. ತಮ್ಮ ಪಟ್ಟಿಗೆ ಅವರನ್ನು ತಳ್ಳಿದ್ದು ನನ್ನದೇ ಬೆರಳು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಇತ್ತ ಕೊಠಡಿಗೆ ಬಂದರೆ, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ತಾವು ಆ ಘಟನೆಯನ್ನು ತಿಂಗಳ ಶ್ರೇಷ್ಠ ಸ್ಪಂದನೆ ಎಂದು ಹೂವಿನ ಚಿತ್ರದ ಸಮೇತ ಪ್ರಕಟಿಸಿದ್ದಿರಿ. ಆಂಬುಲೆನ್ಸ್ ಹೊರಟಿದ್ದು ಹನ್ನೊಂದು ಎಂಟಕ್ಕೆ, ತಲುಪಿದ್ದು ಹನ್ನೊಂದು ಹದಿನಾಲ್ಕಕ್ಕೆ, ಕೇವಲ ಆರು ನಿಮಿಷ. ನಿರ್ದೇಶಕರು ಸ್ವತಃ ಬಂದು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದ ಮೇಲೆ ಅವರೇ ಸಹಿ ಮಾಡಿದ ಇನ್ನೊಂದು ಕಾಗದ ನನ್ನ ಮೇಜಿಗೆ ಬಂತು: ಕರ್ತವ್ಯದ ವೇಳೆ ಸ್ಥಾನ ಬಿಟ್ಟು, ಸ್ವಂತ ಮೊಬೈಲಿನಿಂದ ತುರ್ತು ಸೇವೆಗೆ ಕರೆ ಮಾಡಿ, ಬಾರದ ಕರೆಗೆ ವಾಹನ ಕಳುಹಿಸಿದ ಬಗ್ಗೆ ಕಾರಣ ತಿಳಿಸುವುದು. ಒಂದೇ ಘಟನೆಗೆ ಹೊಗಳಿಕೆಯನ್ನೂ ನೋಟಿಸನ್ನೂ ಒಟ್ಟಿಗೆ ಕೊಡಬಲ್ಲ ತಮ್ಮ ವಿಶಾಲ ಹೃದಯಕ್ಕೆ ಏನು ಹೇಳಲಿ!

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳಿವೆ. ಹತ್ತು ನಲವತ್ತೊಂದರಿಂದ ಹನ್ನೊಂದು ಎಂಟರವರೆಗಿನ ಇಪ್ಪತ್ತೇಳು ನಿಮಿಷ ತಮ್ಮ ಯಾವ ಕಡತದಲ್ಲೂ ಕಾಣುತ್ತಿಲ್ಲ. ಎಲ್ಲಾದರೂ ಬೇರೆ ಕಡೆ ಜೋಪಾನವಾಗಿ ಇಟ್ಟಿದ್ದರೆ ಅವನ್ನು ವಾರಸುದಾರರಿಗೆ ಮರಳಿಸಬೇಕು, ಅವರು ಆಸ್ಪತ್ರೆಯ ಮೂರನೇ ಮಹಡಿಯಲ್ಲಿದ್ದಾರೆ. ಮರಳಿಸಲಾಗದಿದ್ದರೆ, ತಮಗೆ ಬಲಗೈ ಇಲ್ಲದಿರುವುದರಿಂದ ಅದನ್ನು ಕೇಳಲಾರೆ, ಅವರ ಹೆಂಡತಿಯ ಬದಲು ದಿನಕ್ಕೆ ನಾಲ್ಕು ಹೊತ್ತು ಆ ಬೆರಳುಗಳನ್ನು ಮಡಿಸಿ ಬಿಡಿಸುವ ಸೌಲಭ್ಯವನ್ನಾದರೂ ಮುಂದಿನ ಒಂದನೇ ತಾರೀಖಿನಿಂದ ತಾವು ಅಳವಡಿಸಿಕೊಳ್ಳಬೇಕು.

ನೋಟಿಸಿಗೆ ಉತ್ತರವನ್ನೂ ತಮ್ಮ ಪರದೆಯಲ್ಲೇ ಕೊಡಬೇಕಂತೆ. 'ತಪ್ಪನ್ನು ಒಪ್ಪಿಕೊಳ್ಳುತ್ತೀರಾ?' ಎಂಬ ಪ್ರಶ್ನೆ, ಕೆಳಗೆ 'ಹೌದು' ಮತ್ತು 'ಇಲ್ಲ'. ಮೇಲ್ವಿಚಾರಕರು ಒಳ್ಳೆಯವರು, ನನ್ನನ್ನು ಪಕ್ಕಕ್ಕೆ ಕರೆದು "ಹೌದು ಅಂತ ಒತ್ತಿಬಿಡಿ ಮೇಡಂ. ಒಂದು ಎಚ್ಚರಿಕೆ ಪತ್ರ ಕೊಟ್ಟು ಫೈಲು ಮುಚ್ತಾರೆ. ಇಲ್ಲ ಅಂದ್ರೆ ವಿಚಾರಣೆ, ಹಳೇ ಕರೆ ಎಲ್ಲಾ ತೆಗೀತಾರೆ, ನಿಮ್ಮ ಇಪ್ಪತ್ತೆರಡೂ ಹೊರಗೆ ಬರುತ್ತೆ. ಹೆಡ್‌ಫೋನು ಕಿತ್ಕೊಂಡು ದಾಖಲೆ ಕೋಣೆಗೆ ಹಾಕ್ತಾರೆ" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಚೆನ್ನಾಗಿ ಬರುವುದಿಲ್ಲ. 'ಹೌದು' ಎಂದರೆ ನನ್ನ ಕುರ್ಚಿ ಉಳಿಯುತ್ತದೆ, ತಮ್ಮ ಆರು ನಿಮಿಷವೂ ಉಳಿಯುತ್ತದೆ, ಆ ಮನುಷ್ಯ ಕರೆ ಮಾಡಲೇ ಇಲ್ಲ ಎಂಬುದೂ ಕಾಯಂ ಆಗುತ್ತದೆ.

ಮಹೋದಯರೇ, ಅವರು ಕರೆ ಮಾಡಿದ್ದರು. ಆರು ಬಾರಿ ಮಾಡಿದ್ದರು. ಇಂದು ಬೆಳಿಗ್ಗೆ ಒಂಬತ್ತೂಕಾಲಿಗೆ ನಾನು 'ಇಲ್ಲ' ಎಂದು ಒತ್ತಿದ್ದೇನೆ. ವಿಚಾರಣೆಯ ದಿನ ನನ್ನ ಇಪ್ಪತ್ತೆರಡು ಒತ್ತುಗಳನ್ನು ನಾನೇ ಮೊದಲು ಓದಿ ಹೇಳುತ್ತೇನೆ, ಆಮೇಲೆ ತಮ್ಮ ಆರನ್ನು ತಾವು ಓದಬೇಕು. ಅದಕ್ಕೂ ಮೊದಲು, ಇವತ್ತು ಸಂಜೆಯೇ, ಆಸ್ಪತ್ರೆಗೆ ಹೋಗಿ ಲೈನು ಕೆಟ್ಟಿರಲಿಲ್ಲ ಎಂದು ಅವರಿಗೆ ಹೇಳಿಬರುತ್ತೇನೆ.

ತಮ್ಮ ವಿಶ್ವಾಸಿ
(ಈ ಪದ ತಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ 'ಇತರೆ' ಎಂದು ಓದಿಕೊಳ್ಳುವುದು),
ನಾಲ್ಕನೇ ಮೇಜಿನವಳು

ಮರೆತ ಮಾತು: ತಮ್ಮ ಅನಗತ್ಯ ಪಟ್ಟಿಯಲ್ಲಿ ಇನ್ನೂ ನೂರ ಹದಿನಾಲ್ಕು ಸಂಖ್ಯೆಗಳಿದ್ದವು. ಅವನ್ನು ಕೈಯಲ್ಲಿ ಬರೆದುಕೊಂಡು, ಬಿಡುವಿನಲ್ಲಿ ನೀರಿನ ಡ್ರಮ್ಮಿನ ಪಕ್ಕ ನಿಂತು ಒಂದೊಂದಕ್ಕೂ ಕರೆ ಮಾಡಿ, ಅಗತ್ಯ ಬಿದ್ದರೆ ಇರಲಿ ಎಂದು ನನ್ನ ಸ್ವಂತ ನಂಬರು ಕೊಡುತ್ತಿದ್ದೇನೆ. ನಲವತ್ತೊಂಬತ್ತನೆಯದನ್ನು ಎತ್ತಿದವರು ನಿರ್ದೇಶಕರ ತಾಯಿಯವರು. ಮಗ ಮನೆಯಲ್ಲಿ ಮಾತಾಡುವುದಿಲ್ಲವೆಂದು ಅವರು ದಿನಾ ತುರ್ತು ಸೇವೆಗೆ ಕರೆ ಮಾಡುತ್ತಿದ್ದರಂತೆ. ಈಗ ದಿನವೂ ನನಗೇ ಮಾಡುತ್ತಾರೆ, ತಮ್ಮ ಮಗನ ಬಗ್ಗೆ ಚಿಕ್ಕಂದಿನಿಂದ ಹಿಡಿದು ಹೇಳುತ್ತಿದ್ದಾರೆ, ಸದ್ಯ ಎಂಟನೇ ತರಗತಿಗೆ ಬಂದಿದ್ದೇವೆ. ಅವರ ಮನೆಯ ಫೋನಿನಿಂದ ತುರ್ತು ಸೇವೆ ಸಿಗುವುದಿಲ್ಲ ಎಂಬುದು ನಿರ್ದೇಶಕರಿಗೆ ಇನ್ನೂ ಗೊತ್ತಿಲ್ಲ. ವಿಚಾರಣೆಗೆ ಮುಂಚೆ ಅವರೇ ಒಮ್ಮೆ ಆ ಫೋನಿನಿಂದ ಕರೆ ಮಾಡಿ ನೋಡಲಿ ಎಂದು ನನ್ನ ಉತ್ತರದ ಕೆಳಗೆ ಬರೆದಿದ್ದೇನೆ. ತಾವು ಅವರಿಗೂ ಅದೇ ಮಧುರ ಧ್ವನಿಯಲ್ಲಿ, ಒಂದು ಅಕ್ಷರವೂ ಬಿಡದಂತೆ, ಪೂರ್ತಿ ಸಂದೇಶ ಕೇಳಿಸಬೇಕಾಗಿ ಪ್ರಾರ್ಥನೆ.